ಟಾಮಿಗೆ ಈಜು ಬರ್ತಿರಲಿಲ್ಲ, ಸಿಜೆಗೆ ಬರ್ತಿತ್ತು

ಇವತ್ತು ರಾಜಕೀಯ ಬೇಡ ಅಂದ್ಕೊಂಡು ಕೂತೆ. ಒಂದು ಗೇಮ್ ಬಗ್ಗೆ ಬರೀತೀನಿ. ಅದು ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತೋ ನೋಡೋಣ. ಪೋಸ್ಟ್ ಉದ್ದ ಇದೆ, ಟೀ ಇಟ್ಕೊಂಡು ಓದಿ.

ನಮ್ಮಣ್ಣನ ಮಗ ಡಿಪ್ಲೊಮಾ ಓದೋಕೆ ಬೆಂಗಳೂರಿಗೆ ಬಂದು ನಮ್ಮ ಮನೇಲೇ ಇದ್ದಾನೆ. ಅವನ ತಲೆ ತುಂಬಾ ಈಗ ಜಿಟಿಎ 6. ಅದರ ಮೊದಲ ಟ್ರೇಲರ್ 2023ರ ಡಿಸೆಂಬರ್‌ನಲ್ಲಿ ಬಂತಲ್ಲ, ಅದನ್ನ ಎಷ್ಟು ಸಲ ನೋಡಿದಾನೋ ಲೆಕ್ಕ ಇಲ್ಲ. ಮೊನ್ನೆ ಊಟಕ್ಕೆ ಕೂತಾಗ, 'ಚಿಕ್ಕಪ್ಪ, ಇದು ವೈಸ್ ಸಿಟಿಯಂತೆ. ನೀನು ಹಳೇ ವೈಸ್ ಸಿಟಿ ಆಡಿದ್ಯಾ?' ಅಂತ ಕೇಳ್ದ.

ಆಡಿದೀನಪ್ಪ. ಎಷ್ಟು ಆಡಿದೀನಿ ಅಂದ್ರೆ, ಹಾಸ್ಟೆಲ್ ಊಟ ಬಿಟ್ಟು ಆಡಿದೀನಿ.

ಈ ಸರಣಿಯ ಮೊದಲ ಗೇಮ್ ಬಂದಿದ್ದು 1997ರಲ್ಲಿ, ಮೇಲಿಂದ ನೋಡೋ ಥರದ್ದು. ಮೂರನೆಯದು 2001ರಲ್ಲಿ. ಅವೆರಡೂ ನಮ್ಮ ಕಡೆ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ನಮ್ಮ ತಲೆಮಾರಿನ ಹುಡುಗರಿಗೆ ಮೊದಲನೆಯದು ಅಂದ್ರೆ 2002ರ ವೈಸ್ ಸಿಟಿ, ಎರಡನೆಯದು ಅಂದ್ರೆ 2004ರ ಸ್ಯಾನ್ ಆಂಡ್ರಿಯಾಸ್. ಕಂಪ್ಯೂಟರಿಗೆ ಅವು ಬಂದಿದ್ದು 2003ರಲ್ಲಿ ಮತ್ತು 2005ರಲ್ಲಿ. ನಮ್ಮ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿಗೆ ಬರೋಕೆ ಇನ್ನೊಂದು ವರ್ಷ ಹಿಡಿಯಿತು.

ಪಿಯುಸಿಗೆ ಅಂತ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಸೇರಿದ್ದೆ. ಬಸ್‌ಸ್ಟ್ಯಾಂಡ್ ಎದುರಿನ ಕಟ್ಟಡದ ಮೊದಲ ಮಹಡೀಲಿ ಒಂದು ಸೈಬರ್ ಸೆಂಟರ್. ಆರು ದಪ್ಪ ಮಾನಿಟರು, ಪ್ಲೈವುಡ್ ಕ್ಯಾಬಿನ್ನು, ಗಂಟೆಗೆ ಹದಿನೈದು ರೂಪಾಯಿ. ಇಬ್ಬರು ಸೇರಿ ದುಡ್ಡು ಹಾಕ್ತಿದ್ವಿ. ಅರ್ಧ ಗಂಟೆ ನಾನು, ಅರ್ಧ ಗಂಟೆ ಅವನು. ಚೀಟ್ ಕೋಡ್‌ಗಳನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರ್ಕೊಂಡಿದ್ವಿ. 'ಲೀವ್ ಮಿ ಅಲೋನ್' ಅಂತ ಟೈಪ್ ಮಾಡಿದ್ರೆ ಪೊಲೀಸರು ಬೆನ್ನು ಬಿಟ್ಟುಬಿಡ್ತಿದ್ರು. ಆ ಕೋಡ್ ಜೀವನದಲ್ಲೂ ಇದ್ದಿದ್ರೆ ಅಂತ ಅವತ್ತು ಅನ್ನಿಸಿರಲಿಲ್ಲ. ಆಮೇಲೆ ಅನ್ನಿಸಿದ್ದುಂಟು.

ವೈಸ್ ಸಿಟಿಯ ಹೀರೋ ಟಾಮಿ ವರ್ಸೆಟ್ಟಿ. ಇಟಲಿ ಮೂಲದ ಬಿಳಿಯ. ಹದಿನೈದು ವರ್ಷ ಜೈಲಲ್ಲಿದ್ದು 1986ರಲ್ಲಿ ಹೊರಗೆ ಬರ್ತಾನೆ. ಅವನ ಬಾಸ್ ಅವನನ್ನ ವೈಸ್ ಸಿಟಿಗೆ, ಅಂದ್ರೆ ಅಮೆರಿಕದ ಮಯಾಮಿಯನ್ನ ಹೋಲೋ ಊರಿಗೆ, ಡ್ರಗ್ಸ್ ವ್ಯವಹಾರಕ್ಕೆ ಕಳಿಸ್ತಾನೆ. ದುಡ್ಡೂ ಹೋಗುತ್ತೆ, ಮಾಲೂ ಹೋಗುತ್ತೆ. ಅಲ್ಲಿಂದ ಅವನು ಒಬ್ಬೊಬ್ಬರನ್ನೇ ಮುಗಿಸ್ತಾ, ಬಂಗಲೆ ಹಿಡಿದು, ಕ್ಲಬ್ಬು, ಪ್ರಿಂಟಿಂಗ್ ಪ್ರೆಸ್ಸು, ಟ್ಯಾಕ್ಸಿ ಕಂಪನಿ ಎಲ್ಲ ಕೊಂಡು ಊರಿಗೇ ಯಜಮಾನ ಆಗ್ತಾನೆ. ಗುಲಾಬಿ ಬಣ್ಣದ ಸಂಜೆ, ಬೀಚು, ಹೂವಿನ ಅಂಗಿ, ಕಾರು ಹತ್ತಿದ್ರೆ ರೇಡಿಯೋದಲ್ಲಿ ಹಾಡು. ನಮಗೆ ಅದು ಸ್ವರ್ಗ.

ಆ ಅಂಗಿ ಹಾಕಿದ ಟಾಮಿಯ ಮೈಯೊಳಗೆ ಹೊಕ್ಕಾಗ ನಾನು ಯಾವ ಕೇರಿಯವನು ಅಂತ ಯಾರೂ ಕೇಳ್ತಿರಲಿಲ್ಲ. ಯಾರ ಬಂಗಲೆಗಾದ್ರೂ ನುಗ್ಗಬಹುದು. ಯಾವ ಕಾರಿನ ಬಾಗಿಲಾದ್ರೂ ತೆಗೆದು ಒಳಗಿದ್ದವನನ್ನ ಎಳೆದು ಹಾಕಬಹುದು. ಹದಿನಾರು ವರ್ಷದ ಹುಡುಗನಿಗೆ ಇದು ಸಣ್ಣ ಮಾತಲ್ಲ. ಊರಲ್ಲಿ ಗೌಡರ ಮನೆ ಜಗುಲಿ ದಾಟದವನು ನಾನು. ಸೈಬರ್ ಸೆಂಟರಲ್ಲಿ ಹದಿನೈದು ರೂಪಾಯಿಗೆ ಒಂದು ನಗರಾನೇ ನಂದು.

ಆದ್ರೆ ಒಂದು ತೊಂದರೆ ಇತ್ತು. ಟಾಮಿಗೆ ಈಜು ಬರ್ತಿರಲಿಲ್ಲ.

ಆಡಿದವರಿಗೆ ನೆನಪಿರುತ್ತೆ. ಸುತ್ತಲೂ ಸಮುದ್ರ ಇರೋ ಊರು. ಬೈಕ್ ಜಾರಿ ನೀರಿಗೆ ಬಿದ್ರೆ ಅಷ್ಟೇ, ಮುಳುಗಿ ಸತ್ತ. ಮತ್ತೆ ಆಸ್ಪತ್ರೆ ಮುಂದೆ ಎದ್ದು ನಿಲ್ಲೋದು. ಗೇಮ್ ಮಾಡಿದವರು ಈಜೋದನ್ನ ಅದರಲ್ಲಿ ಇಟ್ಟೇ ಇರಲಿಲ್ಲ. ಪಕ್ಕದ ಕ್ಯಾಬಿನ್ನಿನ ಹುಡುಗರು ಇದಕ್ಕೆ ನಗ್ತಿದ್ರು. 'ಇಷ್ಟು ದೊಡ್ಡ ಡಾನು, ಈಜಕ್ಕೆ ಬರಲ್ವಲ್ಲೋ' ಅಂತ. ನನಗೆ ನಗು ಬರ್ತಿರಲಿಲ್ಲ.

ಯಾಕೆ ಅಂತ ಹೇಳ್ತೀನಿ.

ನಮ್ಮೂರಲ್ಲಿ ದೊಡ್ಡ ಕೆರೆ ಇದೆ. ತೋಟಗಳಲ್ಲಿ ಬಾವಿಗಳಿದ್ವು. ಬೇಸಿಗೆ ರಜೆ ಬಂತಂದ್ರೆ ಊರೊಳಗಿನ ಹುಡುಗರೆಲ್ಲ ಸೊಂಟಕ್ಕೆ ಬೆಂಡು ಕಟ್ಕೊಂಡು, ಇಲ್ಲ ಒಣಗಿದ ಸೋರೆಬುರುಡೆ ಕಟ್ಕೊಂಡು ಈಜು ಕಲೀತಿದ್ರು. ಅವರಪ್ಪಂದಿರೇ ಹಗ್ಗ ಹಿಡ್ಕೊಂಡು ದಡದಲ್ಲಿ ಕೂರ್ತಿದ್ರು. ಕೇರಿ ಹುಡುಗರು ಅಲ್ಲಿ ಇಳಿಯಂಗಿರಲಿಲ್ಲ. ಬೋರ್ಡ್ ಏನೂ ಹಾಕಿರಲಿಲ್ಲ. ನಮ್ಮೂರಲ್ಲಿ ಯಾವುದಕ್ಕೂ ಬೋರ್ಡ್ ಬೇಕಾಗಿರಲಿಲ್ಲ.

ನಮಗಿದ್ದಿದ್ದು ಕಲ್ಲುಕ್ವಾರಿಯ ಹೊಂಡ. ಕಲ್ಲು ತೆಗೆದು ತೆಗೆದು ಬಿಟ್ಟ ಗುಂಡಿ, ಮಳೆನೀರು ತುಂಬಿ ಹಸಿರು ಬಣ್ಣಕ್ಕೆ ತಿರುಗಿತ್ತು. ಬಾವಿಗಾದ್ರೆ ಮೆಟ್ಟಿಲಿರುತ್ತೆ, ಕೆರೆಗೆ ಇಳಿಜಾರು ಇರುತ್ತೆ. ಕ್ವಾರಿಗೆ ಎರಡೂ ಇಲ್ಲ. ಕಾಲಿಟ್ಟ ಕಡೆ ಮೊಣಕಾಲುದ್ದ, ಒಂದು ಹೆಜ್ಜೆ ಮುಂದಕ್ಕೆ ನಾಕಾಳುದ್ದ. 2002ರ ಬೇಸಿಗೇಲಿ ನನ್ನ ಚಿಕ್ಕಪ್ಪನ ಮಗ ಅದರಲ್ಲಿ ಹೋದ. ಅವನಿಗೆ ಹದಿಮೂರು ವರ್ಷ, ನನಗೆ ಹದಿನಾಲ್ಕು. ನಾನು ದಡದಲ್ಲೇ ಇದ್ದೆ. ಅವನ ಅಂಗಿ ನನ್ನ ಕೈಯಲ್ಲಿತ್ತು.

ಓಡಿಹೋಗಿ ಕೂಗ್ದೆ. ಜನ ಬಂದ್ರು. ಊರಲ್ಲಿ ಈಜು ಬರೋ ಹುಡುಗರು ಇಪ್ಪತ್ತು ಜನನಾದ್ರೂ ಇದ್ರು, ಅವರಲ್ಲಿ ಕೆಲವರು ಬಂದು ದಡದಲ್ಲಿ ನಿಂತು ನೋಡಿದ್ರು. ಯಾರೂ ಇಳಿಯಲಿಲ್ಲ. ಪಕ್ಕದೂರಿಂದ ಬೆಸ್ತರ ಒಬ್ಬ ಯಜಮಾನರನ್ನ ಟಿವಿಎಸ್ ಗಾಡೀಲಿ ಕರ್ಕೊಂಡು ಬಂದ್ಮೇಲೆ ಅವರು ಇಳಿದು ಎತ್ತಿದ್ರು. ಆಗ ಸಂಜೆ ಆಗಿತ್ತು. ಚಿಕ್ಕಮ್ಮ ಅವತ್ತಿಂದ ಆ ಕಡೆ ದಾರೀಲಿ ನಡೆಯೋದನ್ನೇ ಬಿಟ್ಟರು.

ಹಾಗಾಗಿ ಟಾಮಿ ನೀರಿಗೆ ಬಿದ್ದಾಗೆಲ್ಲ ನಾನು ಕೀಬೋರ್ಡಿಂದ ಕೈ ತೆಗೀತಿದ್ದೆ.

ಆಮೇಲೆ ಓದ್ತಾ ಓದ್ತಾ ಒಂದು ವಿಷಯ ಗೊತ್ತಾಯ್ತು. ಆ ಗೇಮಿನ ಬೀಚು ಇದೆಯಲ್ಲ, ಅದರ ಮೂಲವಾದ ಮಯಾಮಿಯಲ್ಲಿ ಕಪ್ಪು ಜನ ಸಮುದ್ರಕ್ಕೇ ಇಳಿಯಂಗಿರಲಿಲ್ಲ. 1945ರ ಮೇ ತಿಂಗಳಲ್ಲಿ ಕೆಲವು ಕಪ್ಪು ಜನ ಹಾಲೋವರ್ ಬೀಚಿನಲ್ಲಿ, ಬಂಧಿಸಿದರೆ ಬಂಧಿಸಲಿ ಅಂತಾನೇ, ನೀರಿಗಿಳಿದರು. ಅದಾದ ಮೇಲೆ ಆ ವರ್ಷದ ಆಗಸ್ಟ್‌ನಲ್ಲಿ ವರ್ಜೀನಿಯಾ ಕೀ ಅನ್ನೋ ದ್ವೀಪದ ಬೀಚನ್ನ ಕಪ್ಪು ಜನರಿಗೆ ಅಂತ ಪ್ರತ್ಯೇಕವಾಗಿ ತೆರೆದರು. ಅದೇ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಲ್ಲಿ 1964ರ ಜೂನ್ 18ರಂದು ಮಾನ್ಸನ್ ಮೋಟರ್ ಲಾಡ್ಜ್ ಅನ್ನೋ ಹೋಟೆಲಿನ ಈಜುಕೊಳಕ್ಕೆ ಕಪ್ಪು-ಬಿಳಿ ಹೋರಾಟಗಾರರು ಒಟ್ಟಿಗೆ ಹಾರಿದಾಗ, ಮಾಲೀಕ ಆ ನೀರಿಗೆ ಆಸಿಡ್ ಸುರಿದ. ಫೋಟೋ ಇದೆ, ಹುಡುಕಿ ನೋಡಿ. ನಾನು ಆ ಫೋಟೋ ಮೊದಲ ಸಲ ನೋಡಿದಾಗ ನೆನಪಾಗಿದ್ದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚೌಡಾರ್ ಕೆರೆಗೆ ಹೋಗಿ ನೀರು ಕುಡಿದರು. ಆಮೇಲೆ ಸವರ್ಣರು ಪಂಚಗವ್ಯ ಸುರಿದು ಕೆರೆಯನ್ನ 'ಶುದ್ಧಿ' ಮಾಡಿದರು. ಅಲ್ಲಿ ಆಸಿಡ್, ಇಲ್ಲಿ ಸಗಣಿ.

ವೈಸ್ ಸಿಟಿ ಗೇಮಿನಲ್ಲಿ ಈ ಇತಿಹಾಸದ ಸುಳಿವೂ ಇಲ್ಲ. ಅದರಲ್ಲಿ ಕಪ್ಪು ಜನ ಎಲ್ಲಿದ್ದಾರೆ? ಒಬ್ಬ ಲ್ಯಾನ್ಸ್ ವ್ಯಾನ್ಸ್, ಟಾಮಿಯ ಪಾರ್ಟ್‌ನರ್. ಕೊನೇಲಿ ದ್ರೋಹ ಮಾಡ್ತಾನೆ, ನಾವೇ ಅವನನ್ನ ಕೊಲ್ಲಬೇಕು. ಇನ್ನೊಂದು ಕಡೆ ಹೈಟಿ ದೇಶದಿಂದ ವಲಸೆ ಬಂದವರ ಕೇರಿ. ಕ್ಯೂಬಾದವರ ಪರವಾಗಿ ಹೋಗಿ ಹೈಟಿಯವರನ್ನ ಸಾಲಾಗಿ ಮುಗಿಸೋ ಮಿಷನ್‌ಗಳಿವೆ. ಆ ಗೇಮಿನ ಮಾತುಗಳು ತಮ್ಮ ಜನಾಂಗವನ್ನೇ ಕೊಲ್ಲೋಕೆ ಹೇಳ್ತವೆ ಅಂತ 2003ರ ಕೊನೇಲಿ ನ್ಯೂಯಾರ್ಕಿನಲ್ಲಿ ಹೈಟಿ ಮೂಲದವರು ಬೀದಿಗಿಳಿದರು. ಕಂಪನಿ ಕೊನೆಗೆ ಆ ಮಾತುಗಳನ್ನ ತೆಗೆಯೋದಕ್ಕೆ ಒಪ್ಪಿಕೊಂಡಿತು. ಗುಲಾಮರೇ ದಂಗೆ ಎದ್ದು, ಫ್ರೆಂಚರನ್ನ ಸೋಲಿಸಿ, 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದ ದೇಶ ಹೈಟಿ. ಆ ಘೋಷಣೆಗೆ ಇನ್ನೂರು ವರ್ಷ ತುಂಬೋ ಹೊತ್ತಿಗೆ ಅವರ ಮಕ್ಕಳು ಒಂದು ಗೇಮಿನ ವಿರುದ್ಧ ಬೋರ್ಡ್ ಹಿಡ್ಕೊಂಡು ನಿಲ್ಲಬೇಕಾಯ್ತು.

ನಾನು ಆ ಮಿಷನ್ ಆಡಿದೀನಿ. ಖುಷಿಯಿಂದಾನೇ ಆಡಿದೀನಿ. ಸುಳ್ಳು ಹೇಳಲ್ಲ. ಟಾಮಿಯ ಮೈಯಲ್ಲಿ ನಿಂತಾಗ ಹೈಟಿಯವರು ನನಗೂ ಬರೀ ಗುರಿಗಳಾಗಿ ಕಂಡ್ರು. ಯಾರ ಕಣ್ಣಿಂದ ನೋಡ್ತೀವೋ ಅವರ ಶತ್ರುಗಳೇ ನಮ್ಮ ಶತ್ರುಗಳಾಗ್ತಾರೆ. ನಮ್ಮ ಹುಡುಗರು ಎಷ್ಟು ಜನ ಇವತ್ತು ಯಾರದೋ ಶಾಲು ಹಾಕ್ಕೊಂಡು ಯಾರ ಮೇಲೋ ಕಲ್ಲೆತ್ತಿದಾರೆ ಅನ್ನೋದನ್ನ ನೋಡಿದಾಗ ನನಗೆ ಆ ಪ್ಲೈವುಡ್ ಕ್ಯಾಬಿನ್ನೇ ನೆನಪಾಗುತ್ತೆ.

2006ಕ್ಕೆ ನಾನು ಡಿಗ್ರಿಗೆ ಬಂದೆ. ಸೈಬರ್ ಸೆಂಟರಿಗೆ ಸ್ಯಾನ್ ಆಂಡ್ರಿಯಾಸ್ ಬಂತು.

ಈ ಸಲ ಹೀರೋ ಕಾರ್ಲ್ ಜಾನ್ಸನ್. ಸಿಜೆ. ಕಪ್ಪು ಹುಡುಗ. ಕಾಲ 1992, ಊರು ಲಾಸ್ ಸ್ಯಾಂಟೋಸ್, ಅಂದ್ರೆ ಲಾಸ್ ಏಂಜಲಿಸ್‌ನ ನೆರಳು. ಐದು ವರ್ಷ ಊರು ಬಿಟ್ಟಿದ್ದವನು ಅಮ್ಮ ಸತ್ತಳು ಅಂತ ಸುದ್ದಿ ಬಂದು ವಾಪಸ್ ಬರ್ತಾನೆ. ಗೇಮಿನ ಮೊದಲ ಹತ್ತು ನಿಮಿಷ ಏನಾಗುತ್ತೆ ಗೊತ್ತಾ? ಏರ್‌ಪೋರ್ಟಿಂದ ಟ್ಯಾಕ್ಸೀಲಿ ಬರ್ತಿದ್ದವನನ್ನ ಪೊಲೀಸರು ಅಡ್ಡ ಹಾಕ್ತಾರೆ. ಜೇಬಲ್ಲಿದ್ದ ದುಡ್ಡು ಕಿತ್ಕೋತಾರೆ. ಒಬ್ಬ ಪೊಲೀಸನ ಕೊಲೆಯನ್ನ ನಿನ್ನ ತಲೆಗೆ ಕಟ್ತೀವಿ ಅಂತ ಹೆದರಿಸ್ತಾರೆ. ಆಮೇಲೆ ಅವನ ವಿರೋಧಿ ಗ್ಯಾಂಗಿನ ಬೀದೀಲಿ ತಳ್ಳಿ ಹೋಗ್ತಾರೆ. ಅಲ್ಲಿಂದ ಅವನು ಒಂದು ಸೈಕಲ್ ಹತ್ತಿ, ಪೆಡಲ್ ತುಳ್ಕೊಂಡು ಮನೆಗೆ ಹೋಗಬೇಕು.

ಟಾಮಿಯ ಕಥೆ ಮಾಫಿಯಾ ವ್ಯವಹಾರದಿಂದ ಶುರುವಾಯ್ತು. ಸಿಜೆಯದು ಅಮ್ಮನ ಸಾವು, ಪೊಲೀಸು ಮತ್ತು ಸೈಕಲ್. ಆ ಸೈಕಲ್ ನೋಡಿದ ತಕ್ಷಣ ಇವನು ನಮ್ಮವನು ಅನ್ನಿಸ್ತು.

ಅವನ ಮನೆ ಇರೋದು ಗ್ರೋವ್ ಸ್ಟ್ರೀಟಲ್ಲಿ. ಆ ಬೀದಿಗೆ ಮುಂದೆ ದಾರಿ ಇಲ್ಲ, ಅಲ್ಲಿಗೇ ಕೊನೆ. ನಮ್ಮ ಕೇರಿಯೂ ಹಾಗೇ. ಊರಿನ ರಸ್ತೆ ನಮ್ಮಲ್ಲಿಗೆ ಬಂದು ಮುಗಿಯುತ್ತೆ.

ಎರಡು ಗೇಮಿಗೂ ಇರೋ ವ್ಯತ್ಯಾಸಗಳನ್ನ ಗೇಮಿಂಗ್ ಹುಡುಗರು ಬೇರೆ ಥರ ಪಟ್ಟಿ ಮಾಡ್ತಾರೆ. ಮ್ಯಾಪ್ ಎಷ್ಟು ದೊಡ್ಡದು, ಕಾರು ಎಷ್ಟು, ವಿಮಾನ ಎಷ್ಟು, ಯಾವುದರ ಹಾಡು ಚೆನ್ನಾಗಿದೆ ಅಂತ. ಹಾಡಿನ ವಿಷಯದಲ್ಲಿ ನಾನು ಇವತ್ತಿಗೂ ವೈಸ್ ಸಿಟಿ ಪಾರ್ಟಿ. ಮಿಷನ್‌ಗಳೂ ಅದರಲ್ಲಿ ಬಿಗಿಯಾಗಿದ್ವು, ಸ್ಯಾನ್ ಆಂಡ್ರಿಯಾಸ್ ಮಧ್ಯದಲ್ಲಿ ಕ್ಯಾಸಿನೋ, ರಹಸ್ಯ ಏಜೆಂಟು, ಜೆಟ್‌ಪ್ಯಾಕು ಅಂತ ದಿಕ್ಕು ತಪ್ಪುತ್ತೆ. ಆದ್ರೆ ನನಗೆ ಮುಖ್ಯ ಅನ್ನಿಸಿದ ವ್ಯತ್ಯಾಸಗಳು ಬೇರೆ.

ಒಂದು, ಮೈ. ಟಾಮಿಗೆ ಮೈ ಇರಲಿಲ್ಲ, ಬಟ್ಟೆ ಇತ್ತು ಅಷ್ಟೇ. ಅವನಿಗೆ ಹಸಿವಾಗೋದಿಲ್ಲ, ಅವನು ದಪ್ಪ ಆಗೋದಿಲ್ಲ. ಸಿಜೆಗೆ ಹಸಿವಾಗುತ್ತೆ. ಬಹಳ ಹೊತ್ತು ತಿನ್ನಿಸದೇ ಇದ್ರೆ ಸೊರಗ್ತಾನೆ. ಬರೀ ಬರ್ಗರ್ ತಿನ್ನಿಸಿದ್ರೆ ಹೊಟ್ಟೆ ಬರುತ್ತೆ, ಜಿಮ್ಮಿಗೆ ಕಳಿಸಿದ್ರೆ ತೋಳು ಬರುತ್ತೆ. ತಲೆಗೂದಲು ಕತ್ತರಿಸಿಕೊಳ್ತಾನೆ, ಬಟ್ಟೆ ಕೊಳ್ತಾನೆ. ಜೊತೆಗೆ 'ರೆಸ್ಪೆಕ್ಟ್' ಅಂತ ಒಂದು ಪಟ್ಟಿ, ಅದು ಏರುತ್ತೆ ಇಳಿಯುತ್ತೆ. ಗೌರವ ಇದ್ರೆ ಮಾತ್ರ ಬೀದಿ ಹುಡುಗರು ಅವನ ಹಿಂದೆ ಬರ್ತಾರೆ. ಟಾಮಿ ಯಾರ ಗೌರವವನ್ನೂ ಸಂಪಾದಿಸಬೇಕಿರಲಿಲ್ಲ, ಅವನಿಗೆ ಅದು ಹುಟ್ಟಿನಿಂದಲೇ ಬಂದಿತ್ತು ಅನ್ನೋ ಹಾಗಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಕ್ಕೆ, ಮೀಸೆ ಬಿಟ್ಟಿದ್ದಕ್ಕೆ ಹೊಡೆತ ತಿಂದವರ ಮಕ್ಕಳು ನಾವು. ಕನ್ನಡಿ ಮುಂದೆ ನಿಂತು ಬಟ್ಟೆ ಆರಿಸೋ ಸಿಜೆಯನ್ನ ನೋಡಿದಾಗ ಅದು ಷೋಕಿ ಅನ್ನಿಸಲಿಲ್ಲ.

ಎರಡು, ಗಡಿ. ವೈಸ್ ಸಿಟೀಲಿ ಶುರುವಿನಲ್ಲಿ ಸೇತುವೆಗಳು ಮುಚ್ಚಿರ್ತವೆ. ಕಾರಣ ಚಂಡಮಾರುತದ ಮುನ್ಸೂಚನೆ. ಎಲ್ಲರಿಗೂ ಒಂದೇ ತಡೆ, ದಾಟೋಕೆ ಆಗಲ್ಲ ಅಷ್ಟೇ. ಸ್ಯಾನ್ ಆಂಡ್ರಿಯಾಸ್‌ನಲ್ಲೂ ಶುರುವಿನಲ್ಲಿ ಬೇರೆ ಊರಿಗೆ ಹೋಗೋ ಹಾಗಿಲ್ಲ. ಆದ್ರೆ ಹಟ ಹಿಡಿದು ದಾಟಿದ್ರೆ? ತಕ್ಷಣ ನಾಲ್ಕು ಸ್ಟಾರ್ ಪೊಲೀಸು. ಏನೂ ಮಾಡಿಲ್ಲ, ಯಾರನ್ನೂ ಮುಟ್ಟಿಲ್ಲ, ಗೆರೆ ದಾಟಿದ್ದೇ ಅಪರಾಧ. ಪಕ್ಕದ ಕ್ಯಾಬಿನ್ನವನು ಬೈತಿದ್ದ, ಇದೆಂಥ ಬಗ್ ಇದು ಅಂತ. ನಾನು ಮನಸ್ಸಲ್ಲೇ ಅಂದ್ಕೊಂಡೆ, ಬಗ್ ಅಲ್ಲ ಮಾರಾಯ, ನಮ್ಮೂರಲ್ಲೂ ಹಿಂಗೇ.

ಮೂರು, ಪೊಲೀಸು. ವೈಸ್ ಸಿಟೀಲಿ ಪೊಲೀಸರು ಮಳೆ ಬಂದ ಹಾಗೆ. ತಪ್ಪು ಮಾಡಿದ್ರೆ ಬರ್ತಾರೆ, ಕಾರಿಗೆ ಬಣ್ಣ ಬಳಿಸಿದ್ರೆ ಹೋಗ್ತಾರೆ. ಅವರಿಗೆ ಹೆಸರಿಲ್ಲ, ಮುಖ ಇಲ್ಲ. ಸ್ಯಾನ್ ಆಂಡ್ರಿಯಾಸ್‌ನ ಪೊಲೀಸನಿಗೆ ಹೆಸರಿದೆ, ಫ್ರಾಂಕ್ ಟೆನ್‌ಪೆನ್ನಿ. ಸ್ಯಾಮ್ಯುಯೆಲ್ ಎಲ್ ಜಾಕ್ಸನ್ ದನಿ ಕೊಟ್ಟಿದ್ದಾರೆ. ಮೇಲಿನ ಸ್ಟಾರ್‌ಗಳನ್ನ ಚೀಟ್ ಕೋಡ್ ಹಾಕಿ ಅಳಿಸಬಹುದು, ಟೆನ್‌ಪೆನ್ನಿಯನ್ನ ಯಾವ ಕೋಡೂ ಅಳಿಸಲ್ಲ. ಅವನು ಕಥೆಯೊಳಗೇ ಕೂತಿದಾನೆ. ಬೇಕಾದಾಗ ಬರ್ತಾನೆ, ಬೆದರಿಸಿ ಕೆಲಸ ಮಾಡಿಸ್ಕೋತಾನೆ. ಮತ್ತೆ ಅವನೂ ಕಪ್ಪು ಮನುಷ್ಯನೇ. ಇದು ನನಗೆ ಆಗ ಅರ್ಥ ಆಗಿರಲಿಲ್ಲ. ಆಮೇಲೆ ಒಂದು ಅಟ್ರಾಸಿಟಿ ಕೇಸಿನ ದೂರು ಕೊಡೋಕೆ ಅಂತ ಠಾಣೆ ಮೆಟ್ಟಿಲು ಹತ್ತಿ, ನಮ್ಮವರೇ ಆದ ಒಬ್ಬರು 'ಯಾಕ್ರಯ್ಯ ಸುಮ್ನೆ, ರಾಜಿ ಮಾಡ್ಕೊಳ್ಳಿ' ಅಂದಾಗ ಅರ್ಥ ಆಯ್ತು.

ಕಥೆಯ ಕೊನೇಲಿ ಟೆನ್‌ಪೆನ್ನಿ ಮೇಲೆ ವಿಚಾರಣೆ ನಡೆದು ಅವನು ಖುಲಾಸೆ ಆಗ್ತಾನೆ. ಸುದ್ದಿ ಬಂದ ಕೂಡ್ಲೇ ಲಾಸ್ ಸ್ಯಾಂಟೋಸ್ ಹತ್ತಿ ಉರಿಯುತ್ತೆ. ಇದು ಕಟ್ಟುಕಥೆ ಅಲ್ಲ. 1991ರ ಮಾರ್ಚ್ 3ರಂದು ರಾಡ್ನಿ ಕಿಂಗ್ ಅನ್ನೋ ಕಪ್ಪು ಮನುಷ್ಯನನ್ನ ಲಾಸ್ ಏಂಜಲಿಸ್ ಪೊಲೀಸರು ರಸ್ತೇಲಿ ಹಾಕಿ ಹೊಡೆದರು. ಒಬ್ಬರು ಅದನ್ನ ವಿಡಿಯೋ ಮಾಡಿದ್ರು, ಇಡೀ ಜಗತ್ತು ನೋಡ್ತು. ಆದ್ರೂ 1992ರ ಏಪ್ರಿಲ್ 29ರಂದು ಹೊಡೆತದ ಆರೋಪದಿಂದ ಪೊಲೀಸರು ಪಾರಾದರು. ಊರು ಹತ್ತಿ ಉರೀತು, 60ಕ್ಕೂ ಹೆಚ್ಚು ಜನ ಸತ್ತರು.

ನಾನು ಆ ಭಾಗ ಆಡಿದ್ದು 2006ರ ಡಿಸೆಂಬರ್ ಹೊತ್ತಿಗೆ. ಅದೇ ವರ್ಷ ಕಂಬಾಲಪಲ್ಲಿ ಕೇಸಿನ ತೀರ್ಪು ಬಂತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದಿದ್ದರು. ಸಾಕ್ಷಿಗಳು ತಿರುಗಿ ಬಿದ್ದರು, ಆರೋಪಿಗಳು ಖುಲಾಸೆ ಆದ್ರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಏಳು ಜನ ಸತ್ತಿದ್ದಂತೂ ನಿಜ. ಕೊಂದವರು ಮಾತ್ರ ಯಾರೂ ಇಲ್ಲ.

ಸ್ಕ್ರೀನಲ್ಲಿ ಊರು ಉರೀತಿತ್ತು. ಟಿವಿ ಅಂಗಡಿಯಿಂದ ಜನ ಟಿವಿ ಹೊತ್ಕೊಂಡು ಓಡ್ತಿದ್ರು. ನಾನು ಕೆಳಗಿಳಿದು ಬಂದೆ. ಬಸ್‌ಸ್ಟ್ಯಾಂಡಲ್ಲಿ ಬಸ್ಸುಗಳು ಹೊರಡ್ತಿದ್ವು, ಬೋಂಡ ಕರೀತಿದ್ರು, ಎಲ್ಲ ಮಾಮೂಲಿ. ಊರು ಸುಡಬೇಕಿತ್ತು ಅಂತ ನಾನು ಹೇಳ್ತಿಲ್ಲ. ಸುಟ್ಟರೆ ಮೊದಲು ಸುಡೋದು ನಮ್ಮ ಗುಡಿಸಲೇ ಅಂತ ನನಗೆ ಗೊತ್ತು. ಆದ್ರೆ ಆ ಮಾಮೂಲಿತನ ಇದೆಯಲ್ಲ, ಅದನ್ನ ನೋಡಿ ಅವತ್ತು ಹೊಟ್ಟೆ ತೊಳಸಿದ ಹಾಗಾಯ್ತು. ಮಾರನೇ ವಾರ ನಾನು ಮೊದಲ ಸಲ ಸಂಘಟನೆಯ ಸಭೆಗೆ ಹೋದೆ. ಗೇಮಿಂದಾಗಿ ಹೋದೆ ಅಂತಲ್ಲ. ಆದ್ರೆ ಗೇಮೂ ಒಂದು ಕಾರಣ.

ಸಭೆಯಲ್ಲಿ ಕೊಟ್ಟ ಮೊದಲ ಕೆಲಸ ಗೋಡೆಬರಹ. ನೀಲಿ ಪುಡಿ ಕಲಸಿದ ಬಕೆಟ್ಟು, ಬ್ರಷ್ಷು. ಸಿಜೆಗೂ ಅದೇ ಕೆಲಸ ಗೊತ್ತಲ್ಲ, ಲಾಸ್ ಸ್ಯಾಂಟೋಸ್ ತುಂಬಾ ನೂರು ಗೋಡೆ ಮೇಲೆ ವಿರೋಧಿಗಳ ಬರಹದ ಮೇಲೆ ತನ್ನ ಬೀದಿ ಹೆಸರು ಬರೆಯೋದು. ನಾನು ನೂರಕ್ಕೆ ನೂರೂ ಮುಗಿಸಿದವನು. ಹಾಗಾಗಿ ಎಲ್ಲಿ ಬರೆದರೆ ಎಲ್ಲರಿಗೂ ಕಾಣುತ್ತೆ ಅಂತ ನನಗೆ ಹೇಳಿಕೊಡಬೇಕಾಗಲಿಲ್ಲ.

ಈಗ ಹೊಗಳಿಕೆ ಸಾಕು. ಸ್ಯಾನ್ ಆಂಡ್ರಿಯಾಸ್ ನಮ್ಮ ಗೇಮ್ ಅಂತ ನಾನು ಹೇಳಲ್ಲ. ಅದನ್ನ ಮಾಡಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರೋ ಕಂಪನಿ. ಬರೆದವರಲ್ಲಿ ಡಿಜೆ ಪೂ ಅನ್ನೋ ಲಾಸ್ ಏಂಜಲಿಸ್ ಕಪ್ಪು ಕಲಾವಿದರೂ ಇದ್ದಾರೆ, ಸಿಜೆಗೆ ದನಿ ಕೊಟ್ಟಿದ್ದು ಯಂಗ್ ಮೇಲೆ ಅನ್ನೋ ಅಲ್ಲಿನ ರ‍್ಯಾಪರ್. ಅದಕ್ಕೇ ಮಾತಿಗೆ ಅಷ್ಟು ಜೀವ ಬಂದಿದೆ. ಆದ್ರೂ ಆ ಗೇಮಿಗೆ ಕಪ್ಪು ಹುಡುಗ ಅಂದ್ರೆ ಗ್ಯಾಂಗು ಬಿಟ್ಟು ಬೇರೆ ದಾರಿ ಕಾಣಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಎರಡೂ ಗೇಮು ಒಂದೇ, ಬೀದಿಬದಿಯ ಸರಕು. ಹೆಣ್ಣುಮಕ್ಕಳ ಮೈಮೇಲೆ ದೌರ್ಜನ್ಯ ಮಾಡಿ ಮತ್ತೆ ಅವರ ಜೇಬಿನ ದುಡ್ಡು ತಗೊಳ್ಳೋದನ್ನ ಹಾಸ್ಟೆಲ್ ಹುಡುಗರು ನಗ್ತಾ ಮಾಡ್ತಿದ್ವಿ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. 2005ರಲ್ಲಿ ಈ ಗೇಮಿನೊಳಗೆ ಮುಚ್ಚಿಟ್ಟಿದ್ದ ಒಂದು ಲೈಂಗಿಕ ದೃಶ್ಯ ಬಯಲಾಗಿ ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯ್ತು. ಅದಕ್ಕೆ ಎದ್ದ ಗಲಾಟೆ ಆ ಪೊಲೀಸ್ ಪಾತ್ರ ಯಾರನ್ನ ನೋಡಿ ಬರೆದಿದ್ದು ಅನ್ನೋ ಪ್ರಶ್ನೆಗೆ ಏಳಲಿಲ್ಲ.

ಇನ್ನೊಂದು ದೊಡ್ಡ ಕೊರತೆ. ಲಾಸ್ ಸ್ಯಾಂಟೋಸ್‌ನಲ್ಲಿ ಪ್ಯಾಂಥರ್ಸ್ ಇಲ್ಲ. ನಿಜವಾದ ಲಾಸ್ ಏಂಜಲಿಸ್‌ನಲ್ಲಿ ಇದ್ದರು. 1968ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಘಟಕ ಕಟ್ಟಿದ ಬಂಚಿ ಕಾರ್ಟರ್ ಮೊದಲು ಬೀದಿ ಗ್ಯಾಂಗಿನವನೇ. ಅಲ್ಲಿಂದ ಓದಿಗೆ, ರಾಜಕೀಯಕ್ಕೆ ಬಂದವನು. 1969ರ ಜನವರಿ 17ರಂದು ಯೂನಿವರ್ಸಿಟಿ ಆವರಣದಲ್ಲೇ ಗುಂಡಿಗೆ ಬಲಿಯಾದ. ಅದೇ ತಿಂಗಳು ಓಕ್‌ಲ್ಯಾಂಡಿನಲ್ಲಿ ಪ್ಯಾಂಥರ್‌ಗಳು ಮಕ್ಕಳಿಗೆ ಬೆಳಗಿನ ತಿಂಡಿ ಕೊಡೋ ಕೆಲಸ ಶುರು ಮಾಡಿದ್ರು. ಅವರ ಹೆಸರಿನಿಂದಲೇ 1972ರಲ್ಲಿ ಮುಂಬೈನ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಕಟ್ಟಿದ್ರು. ಅದಕ್ಕೂ ಮೊದಲೇ, 1946ರಲ್ಲಿ, ಬಾಬಾಸಾಹೇಬರು ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸ್ತಿರೋ ಅರ್ಜಿಯ ಪ್ರತಿ ಕೇಳಿದ್ದರು. ಈ ದಾರಿ ಗೇಮಿನ ಮ್ಯಾಪಲ್ಲಿ ಇಲ್ಲ. ಕೊನೆಗೆ ಟೆನ್‌ಪೆನ್ನಿ ಸಾಯೋದೂ ಕೋರ್ಟಿನಿಂದಲ್ಲ, ಜನರಿಂದಲೂ ಅಲ್ಲ. ಓಡಿಸ್ತಿದ್ದ ಫೈರ್ ಎಂಜಿನ್ ಸೇತುವೆಯಿಂದ ಉರುಳಿ ಗ್ರೋವ್ ಸ್ಟ್ರೀಟಿಗೇ ಬಂದು ಬೀಳುತ್ತೆ. ಅಪಘಾತ. ನ್ಯಾಯ ಸಿಗೋದು ಹೇಗೆ ಅಂತ ಗೇಮಿಗೂ ಗೊತ್ತಿರಲಿಲ್ಲ.

ಆದ್ರೆ ದ್ರೋಹ ಹೇಗಾಗುತ್ತೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಸಿಜೆಯ ಜೊತೆಗೇ ಬೆಳೆದ ಬಿಗ್ ಸ್ಮೋಕ್ ಮತ್ತು ರೈಡರ್ ಒಳಗೊಳಗೇ ಟೆನ್‌ಪೆನ್ನಿ ಜೊತೆ ಸೇರಿರ್ತಾರೆ. ಅಮ್ಮನ ಸಮಾಧಿ ಮುಂದೆ ಜೊತೆಗೆ ನಿಂತಿದ್ದವರು ಅವರೇ. ಬಿಗ್ ಸ್ಮೋಕ್ ಬಡವರ ಬೀದಿಗಳ ಮಧ್ಯೆ ದೊಡ್ಡ ಕಟ್ಟಡ ಕಟ್ತಾನೆ, ಬೀದಿ ಹುಡುಗರೆಲ್ಲ ಡ್ರಗ್ಸಿಗೆ ಬೀಳ್ತಾರೆ. ಹೆಸರು ಹೇಳೋದು ಬೇಡ. ನಮ್ಮ ಚಳವಳಿ ಎಷ್ಟು ಬಣ ಆಯ್ತು, ಯಾರು ಯಾವ ಪಕ್ಷದ ನಿಗಮಕ್ಕೆ ಅಧ್ಯಕ್ಷರಾದ್ರು, ಇದನ್ನ ಓದ್ತಿರೋ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ.

ಸಿಜೆಗೆ ಒಬ್ಬ ಅಣ್ಣ ಇದ್ದಾನೆ, ಸ್ವೀಟ್. ದ್ರೋಹ ಆದ ದಿನ ಗುಂಡು ತಿಂದು ಜೈಲಿಗೆ ಹೋಗ್ತಾನೆ. ಸಿಜೆ ಊರೂರು ಸುತ್ತಿ ದುಡ್ಡು ಮಾಡಿ, ಗುಡ್ಡದ ಮೇಲೆ ಬಂಗಲೆ ಹಿಡೀತಾನೆ. ಕೊನೆಗೆ ಅಣ್ಣನನ್ನ ಬಿಡಿಸ್ಕೊಂಡು ಬರ್ತಾನೆ, ಬಾ ಬಂಗಲೆಗೆ ಹೋಗೋಣ ಅಂತಾನೆ. ಅಣ್ಣನಿಗೆ ಬಂಗಲೆ ಬೇಡ. ನಮ್ಮ ಬೀದಿಗೆ ನಡಿ ಅಂತಾನೆ. ಸಿಜೆಗೆ ಕೋಪ ಬರುತ್ತೆ. ಆದ್ರೂ ಗಾಡಿ ತಿರುಗಿಸ್ತಾನೆ. ಟಾಮಿಗೆ ಇಂಥ ಅಣ್ಣ ಇರಲಿಲ್ಲ, ವಾಪಸ್ ಹೋಗಬೇಕಾದ ಬೀದಿಯೂ ಇರಲಿಲ್ಲ. ಬಂಗಲೆಯಲ್ಲೇ ಅವನ ಕಥೆ ಮುಗೀತು. ನನ್ನ ಪ್ರಕಾರ ಎರಡೂ ಗೇಮಿನ ನಿಜವಾದ ವ್ಯತ್ಯಾಸ ಇದೇ.

1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆ ನೊಂದು ಮಾತಾಡಿದ್ದು ನಮಗೆಲ್ಲ ಗೊತ್ತು. ನಾವು ಅದನ್ನ ಪ್ರತಿ ಏಪ್ರಿಲ್ 14ಕ್ಕೆ ಮೈಕಲ್ಲಿ ಹೇಳ್ತೀವಿ. ಹೇಳಿ ರಾತ್ರಿ ಬಸ್ಸಿಗೆ ವಾಪಸ್ ಬರ್ತೀವಿ. ನಾನೂ ಅಷ್ಟೇ.

ನಮ್ಮಣ್ಣ ಎಸ್ಸೆಸ್ಸೆಲ್ಸಿಗೆ ಬಿಟ್ಟು ಗಾರೆ ಕೆಲಸಕ್ಕೆ ಹೋದವನು. ಸೈಬರ್ ಸೆಂಟರಿಗೆ ನಾನು ಕೊಟ್ಟ ಹದಿನೈದು ರೂಪಾಯಿಯೂ ಅವನ ದುಡಿಮೆಯದ್ದೇ. ಈ ವರ್ಷ ಮಳೆ ಚೆನ್ನಾಗಿ ಆಗಿ ನಮ್ಮೂರ ಕೆರೆ ಕೋಡಿ ಬಿದ್ದಿದೆ. ಕೇರಿ ಮಕ್ಕಳು ಕೆರೆಗೆ ಇಳಿದ್ರಂತೆ. ದಡದಲ್ಲಿ ತಡೆದಿದಾರೆ. ಈಗ ಜಾತಿ ಹೆಸರು ಯಾರೂ ಎತ್ತಲ್ಲ, ಕೇಸಾಗುತ್ತೆ ಅಂತ ಗೊತ್ತು. 'ಮೀನು ಗುತ್ತಿಗೆ ಹೋಗಿದೆ, ಯಾರೂ ಇಳಿಯಂಗಿಲ್ಲ' ಅಂದಿದಾರೆ. ಯಾರೂ ಅಂದ್ರೆ ಯಾರು? ಊರೊಳಗಿನ ಹುಡುಗರು ಅವತ್ತು ಸಂಜೆಯೇ ಈಜಿ ರೀಲ್ಸ್ ಹಾಕಿದಾರೆ, ಅಣ್ಣ ಕಳಿಸಿದ್ದ. ಕೇರಿ ಮಕ್ಕಳು ಮತ್ತೆ ಕ್ವಾರಿ ಕಡೆ ಹೋಗ್ತಿದಾರೆ.

ಅಣ್ಣ ಫೋನ್ ಮಾಡಿ ಹೇಳ್ದ, 'ಭಾನುವಾರ ಬಾರೋ. ಕೂತು ಮಾತಾಡಣ. ಪಂಚಾಯ್ತಿಗೆ ಅರ್ಜಿ ಬರೀಬೇಕು, ನನಗೆ ಬರಿಯಕ್ ಬರಲ್ಲ.' ನಾನು, 'ಈ ವಾರ ಕಾರ್ಯಕ್ರಮ ಇದೆ ಅಣ್ಣ, ಮುಂದಿನ ತಿಂಗಳು ನೋಡಣ' ಅಂದೆ. ಕಾರ್ಯಕ್ರಮ ಏನು ಗೊತ್ತಾ? ಸಭಾಂಗಣವೊಂದರಲ್ಲಿ ಮಹಾಡ್ ಸತ್ಯಾಗ್ರಹದ ಬಗ್ಗೆ ನನ್ನ ಉಪನ್ಯಾಸ. ಅಣ್ಣ ಏನೂ ಅನ್ನಲಿಲ್ಲ. 'ಆಯ್ತು ಬಿಡು, ನಿನ್ ಕೆಲ್ಸ ನೋಡ್ಕೋ' ಅಂದು ಇಟ್ಟ.

ಅವತ್ತು ರಾತ್ರಿ ಹುಡುಗ ನನ್ನ ಮೊಬೈಲಲ್ಲಿ ಸ್ಯಾನ್ ಆಂಡ್ರಿಯಾಸ್ ಹಾಕ್ಕೊಂಡು ಕೂತಿದ್ದ. ಸೈಕಲ್ ತುಳೀತಾ ಬಂದವನು ಸೇತುವೆಯಿಂದ ಜಾರಿ ನೀರಿಗೆ ಬಿದ್ದ. ನನ್ನ ಕೈ ತಾನಾಗಿ ಮೇಲಕ್ಕೆದ್ದುಬಿಡ್ತು. ಹುಡುಗ ನನ್ನ ಕಡೆ ನೋಡಿ, 'ಯಾಕ್ ಚಿಕ್ಕಪ್ಪ? ಅವನಿಗೆ ಈಜು ಬರುತ್ತೆ' ಅಂದ. ಸಿಜೆ ಕೈ ಬೀಸ್ಕೊಂಡು ದಡಕ್ಕೆ ಬಂದ. ಈಜಿದಷ್ಟೂ ಅವನ ಉಸಿರು ಹಿಡಿಯೋ ಶಕ್ತಿ ಹೆಚ್ಚಾಗುತ್ತೆ, ಅದಕ್ಕೂ ಗೇಮಲ್ಲಿ ಒಂದು ಲೆಕ್ಕ ಇದೆ.

ನಾನು ಕೇಳ್ದೆ, 'ನಿನಗೆ ಬರುತ್ತಾ?'

'ಇಲ್ಲ. ನಿನಗೆ?'

ನನಗೂ ಇಲ್ಲ. ಮೂವತ್ತೇಳು ದಾಟಿದೆ.

ಉಪನ್ಯಾಸ ಬೇರೆಯವರು ಕೊಡ್ತಾರೆ, ಆಯೋಜಕರಿಗೆ ಹೇಳಿ ಕ್ಷಮೆ ಕೇಳಿದೀನಿ. ಭಾನುವಾರ ಊರಿಗೆ ಹೋಗ್ತಿದೀನಿ, ಹುಡುಗನನ್ನೂ ಕರ್ಕೊಂಡು. ಅರ್ಜಿ ಬರೆದು ಮುಗಿಸಿದೀನಿ. ಕೆರೆ ಸಾರ್ವಜನಿಕರದ್ದು, ಗುತ್ತಿಗೆ ಇರೋದು ಮೀನಿಗೆ, ತಡೆಯೋದಾದ್ರೆ ಎಲ್ಲರನ್ನೂ ತಡೀರಿ, ಬಿಡೋದಾದ್ರೆ ಎಲ್ಲರನ್ನೂ ಬಿಡಿ. ಕ್ವಾರಿ ಹೊಂಡಕ್ಕೆ ಬೇಲಿ ಹಾಕಿ. ಇಷ್ಟೇ. ಜಗಳಕ್ಕಲ್ಲ ಹೋಗ್ತಿರೋದು. ಜಗಳ ಬಂದ್ರೆ ಓಡಿ ಬರೋದೂ ಇಲ್ಲ.

ಒಂದು ಕೋರಿಕೆ. ಈ ಪೋಸ್ಟಿಗೆ ಲೈಕ್ ಬೇಡ. ನಿಮ್ಮಲ್ಲಿ ಈಜು ಚೆನ್ನಾಗಿ ಬರೋರು, ಮಕ್ಕಳಿಗೆ ಹೇಳಿಕೊಟ್ಟು ಅಭ್ಯಾಸ ಇರೋರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಹೆಣ್ಣುಮಕ್ಕಳಿಗೆ ಕಲಿಸೋ ಅಕ್ಕಂದಿರು ಸಿಕ್ಕರೆ ಇನ್ನೂ ಒಳ್ಳೇದು. ಬಸ್ ಚಾರ್ಜು ನಂದು, ಊಟ ಅಣ್ಣನ ಮನೇಲಿ. ಬರುವಾಗ ನಾಲ್ಕು ಬೆಂಡು, ಉದ್ದದ ಹಗ್ಗ ತನ್ನಿ. ಈ ಸಲ ದಡದಲ್ಲಿ ಹಗ್ಗ ಹಿಡ್ಕೊಂಡು ಕೂರೋಕೆ ನಾವಿರ್ತೀವಿ.

ಜೈ ಭೀಮ್.